ಪ್ಲಗ್ ನೋಡಿ ಇಂಜಿನ್ ತಿಳಿಯೋಣ

ನಮ್ಮ ಊರಿನಲ್ಲಿ ಹಾಲು ಮಾರುವ ಅಣ್ಣ ಒಬ್ಬರಿದ್ದಾರೆ. ಅವರ ಬಳಿ ಹಳೆಯ ಮೊಪೆಡ್ ಇದೆ. ಅದು ಟೂ ಸ್ಟ್ರೋಕ್ ಗಾಡಿ. ಪೆಟ್ರೋಲಿಗೆ ಎಣ್ಣೆ ಬೆರೆಸಿ ಓಡಿಸಬೇಕು. ದಿನಾ ಬೆಳಗ್ಗೆ ಎರಡು ಕ್ಯಾನ್ ಹಾಲು ಕಟ್ಟಿಕೊಂಡು ಪೇಟೆಗೆ ಹೋಗುತ್ತಾರೆ.

ಒಂದು ದಿನ ಗಾಡಿ ಅರ್ಧ ದಾರಿಯಲ್ಲಿ ನಿಂತಿತು. ಎಷ್ಟು ಪೆಡಲ್ ತುಳಿದರೂ ಸ್ಟಾರ್ಟ್ ಆಗಲಿಲ್ಲ. ಬಿಸಿಲು ಏರಿತು. ಹಾಲು ಒಡೆದು ಹೋಯಿತು. ಅಂದಿನ ಸಂಪಾದನೆ ಮಣ್ಣುಪಾಲಾಯಿತು.

"ಇಂಜಿನ್ ಹೋಯ್ತು ಕಣಯ್ಯ. ಬೋರ್ ಕೆಲಸ ಮಾಡಿಸ್ಬೇಕು. ಸಾವಿರಾರು ರೂಪಾಯಿ ಬೇಕು" ಎಂದರು ದಾರಿಯಲ್ಲಿ ಸಿಕ್ಕವರು. ಅಣ್ಣನ ಮುಖ ಬಾಡಿತು.

ಸಂಜೆ ಅವರು ಗಾಡಿ ತಳ್ಳಿಕೊಂಡೇ ಕಲಿಕಾ ಕೇಂದ್ರಕ್ಕೆ ಬಂದರು. ನಾವು ಪ್ಲಗ್ ಬಿಚ್ಚಿ ನೋಡಿದೆವು. ಅದರ ತುದಿ ಕರಿ ಎಣ್ಣೆಯಲ್ಲಿ ಅದ್ದಿದ ಹಾಗಿತ್ತು.

"ಲೀಟರಿಗೆ ಎಣ್ಣೆ ಎಷ್ಟು ಹಾಕ್ತೀರಣ್ಣ?" ಎಂದು ಕೇಳಿದೆವು.

"ಅಂದಾಜಿಗೆ ಸುರೀತೀನಿ. ಎಣ್ಣೆ ಜಾಸ್ತಿ ಇದ್ರೆ ಇಂಜಿನ್‌ಗೆ ಒಳ್ಳೇದಲ್ವಾ?"

ಗಾಡಿ ಕೊಂಡಾಗ ಕೊಟ್ಟ ಪುಸ್ತಕ ಅವರ ಮನೆಯ ಪೆಟ್ಟಿಗೆಯಲ್ಲಿತ್ತು. ಮಗಳು ಓಡಿಹೋಗಿ ತಂದಳು. ಅಣ್ಣ ಬೆರಳಿಟ್ಟು ನಿಧಾನವಾಗಿ ತಾವೇ ಓದಿದರು: ಒಂದು ಲೀಟರ್ ಪೆಟ್ರೋಲಿಗೆ 20 ಮಿ.ಲೀ. ಎಣ್ಣೆ.

"ಅಯ್ಯೋ, ನಾನು ಇದರ ಎರಡರಷ್ಟು ಹಾಕ್ತಿದ್ದೆನಲ್ಲ!" ಎಂದರು.

ಪ್ಲಗ್ ಒರೆಸಿ ಒಣಗಿಸಿದೆವು. ಟ್ಯಾಂಕಿನ ಪೆಟ್ರೋಲ್ ತೆಗೆದು, ಅಳತೆಯ ಎಣ್ಣೆ ಬೆರೆಸಿದ ಪೆಟ್ರೋಲ್ ಹಾಕಿದೆವು. ಗಾಡಿ ಸ್ಟಾರ್ಟ್ ಆಯಿತು. ಬೋರ್ ಕೆಲಸ ಬೇಕಾಗಲಿಲ್ಲ.

ಪ್ಲಗ್ ಏನು ಮಾಡುತ್ತದೆ?

ಇಂಜಿನ್ನಿನ ಒಳಗೆ ಪೆಟ್ರೋಲ್ ಆವಿ ಮತ್ತು ಗಾಳಿ ಬೆರೆತಿರುತ್ತವೆ. ಪ್ಲಗ್ಗಿನ ತುದಿಯಲ್ಲಿ ಕಿಡಿ ಹಾರುತ್ತದೆ. ಆ ಕಿಡಿಯಿಂದ ಮಿಶ್ರಣ ಉರಿಯುತ್ತದೆ. ಉರಿದ ಬಲ ಪಿಸ್ಟನ್ನನ್ನು ತಳ್ಳುತ್ತದೆ. ಗಾಡಿ ಓಡುತ್ತದೆ.

ಪ್ಲಗ್ಗಿನ ತುದಿ ಸದಾ ಆ ಉರಿಯಲ್ಲೇ ಇರುತ್ತದೆ. ಒಲೆ ಹೇಗೆ ಉರಿಯಿತು ಎಂದು ಪಾತ್ರೆಯ ತಳ ಹೇಳುತ್ತದಲ್ಲವೆ? ಹಾಗೆಯೇ ಇಂಜಿನ್ ಹೇಗೆ ಉರಿಯಿತು ಎಂದು ಪ್ಲಗ್ ಹೇಳುತ್ತದೆ. ತುದಿಯಲ್ಲಿರುವ ಪಿಂಗಾಣಿಯ ಬಣ್ಣ ನೋಡಬೇಕು.

ಬಣ್ಣ ಓದುವುದು ಹೇಗೆ?

1. ಹಾಲು ಬೆರೆಸಿದ ಕಾಫಿ ಬಣ್ಣ, ಇಲ್ಲವೆ ತೆಳು ಬೂದಿ ಬಣ್ಣ: ಇಂಜಿನ್ ಚೆನ್ನಾಗಿದೆ. ಏನೂ ಮಾಡಬೇಡಿ.

2. ಒಣ ಕಪ್ಪು ಮಸಿ: ಪೆಟ್ರೋಲ್ ಹೆಚ್ಚು, ಗಾಳಿ ಕಡಿಮೆ. ಚೋಕ್ ಎಳೆದೇ ಓಡಿಸುತ್ತಿದ್ದೀರಾ? ಏರ್ ಫಿಲ್ಟರಿನಲ್ಲಿ ಧೂಳು ಕಟ್ಟಿದೆಯೇ? ಮೊದಲು ಅವನ್ನು ನೋಡಿ. ಆಮೇಲೆ ಕಾರ್ಬರೇಟರ್ ತೋರಿಸಿ. ಮಸಿ ಬಂದರೆ ಪೆಟ್ರೋಲೂ ವ್ಯರ್ಥ, ದುಡ್ಡೂ ವ್ಯರ್ಥ.

3. ಜಿಡ್ಡು ಜಿಡ್ಡಾದ ಕಪ್ಪು: ಎಣ್ಣೆ ಹೆಚ್ಚು. ಟೂ ಸ್ಟ್ರೋಕ್ ಗಾಡಿಯಾದರೆ ಅಳತೆ ನೋಡಿ. ಫೋರ್ ಸ್ಟ್ರೋಕ್ ಗಾಡಿಯಲ್ಲಿ ಪೆಟ್ರೋಲಿಗೆ ಎಣ್ಣೆ ಬೆರೆಸುವುದಿಲ್ಲ. ಅದರ ಪ್ಲಗ್ ಜಿಡ್ಡಾದರೆ ಪಿಸ್ಟನ್ ರಿಂಗ್ ಸವೆದಿರಬಹುದು. ಮೆಕ್ಯಾನಿಕ್ ಬಳಿ ಹೋಗಿ.

4. ಸುಣ್ಣದ ಹಾಗೆ ಬಿಳಿ, ಮೇಲೆ ಗುಳ್ಳೆ: ಇಂಜಿನ್ ಅತಿಯಾಗಿ ಕಾಯುತ್ತಿದೆ. ಪೆಟ್ರೋಲ್ ಸಾಲದೆ ಇರಬಹುದು. ಎಲ್ಲೋ ಸಂದಿಯಿಂದ ಗಾಳಿ ಒಳಗೆ ಹೋಗುತ್ತಿರಬಹುದು. ಆ ಗಾಡಿಗೆ ಹೊಂದದ ಪ್ಲಗ್ ಹಾಕಿರಬಹುದು. ಇದು ಮಸಿಗಿಂತ ಅಪಾಯ. ಹೀಗೇ ಓಡಿಸಿದರೆ ಪಿಸ್ಟನ್ ಕರಗಿ ತೂತು ಬೀಳಬಹುದು. ಗಾಡಿ ನಿಲ್ಲಿಸಿ, ತೋರಿಸಿ.

5. ಪೆಟ್ರೋಲಿನಿಂದ ಒದ್ದೆ: ಕಿಡಿ ಬರುತ್ತಿಲ್ಲ, ಇಲ್ಲವೆ ಪೆಟ್ರೋಲ್ ಅತಿಯಾಗಿ ಬಂದಿದೆ.

ಸೀಸ ಬೆರೆತ ಪೆಟ್ರೋಲ್ ನಮ್ಮ ದೇಶದಲ್ಲಿ 2000ದಲ್ಲಿ ನಿಂತಿತು. ಈಗಿನ ಪೆಟ್ರೋಲಿನಲ್ಲಿ ಪ್ಲಗ್ಗಿನ ಬಣ್ಣ ಮೊದಲಿಗಿಂತ ತೆಳುವಾಗಿಯೇ ಇರುತ್ತದೆ. ಸ್ವಲ್ಪ ತೆಳು ಕಂಡರೆ ಗಾಬರಿ ಬೇಡ.

ಬಿಚ್ಚುವಾಗ ಎಚ್ಚರ

ಗಾಡಿಯನ್ನು ಸ್ವಲ್ಪ ದೂರ ಓಡಿಸಿದ ಮೇಲೆಯೇ ಪ್ಲಗ್ ನೋಡಬೇಕು. ನಿಂತಲ್ಲೇ ಓಡಿದ ಇಂಜಿನ್ನಿನ ಪ್ಲಗ್ ಮಸಿ ಹಿಡಿದು ಸುಳ್ಳು ಹೇಳುತ್ತದೆ.

ಇಂಜಿನ್ ಆರಿಸಿ, ತಣ್ಣಗಾಗಲು ಬಿಡಿ. ಪ್ಲಗ್ಗಿನ ಸುತ್ತ ಇರುವ ಮಣ್ಣು ಒರೆಸಿ. ಇಲ್ಲದಿದ್ದರೆ ಮಣ್ಣು ಇಂಜಿನ್ನಿಗೆ ಬೀಳುತ್ತದೆ. ಮತ್ತೆ ಹಾಕುವಾಗ ಮೊದಲು ಕೈಯಲ್ಲೇ ತಿರುಗಿಸಿ. ಕೊನೆಗೆ ಮಾತ್ರ ಪ್ಲಗ್ ಸ್ಪ್ಯಾನರ್ ಹಾಕಿ. ಅತಿಯಾಗಿ ಬಿಗಿದರೆ ಮರೆ ಹಾಳಾಗುತ್ತದೆ.

ಹತ್ತಿರ ಬೀಡಿ, ಬೆಂಕಿಕಡ್ಡಿ ಬೇಡವೇ ಬೇಡ. ಪ್ಲಗ್ ವಯರನ್ನು ಕೈಯಲ್ಲಿ ಹಿಡಿದು ಕಿಡಿ ನೋಡಬೇಡಿ. ಅದರಲ್ಲಿ ಸಾವಿರಾರು ವೋಲ್ಟ್ ಇರುತ್ತದೆ.

ಎಲ್ಲ ರೋಗವನ್ನೂ ಪ್ಲಗ್ ಹೇಳುವುದಿಲ್ಲ. ಆದರೆ ಎಲ್ಲಿ ಹುಡುಕಬೇಕು ಎಂದು ಹೇಳುತ್ತದೆ. ಅಷ್ಟು ಗೊತ್ತಿದ್ದರೆ ಬೇಡದ ರಿಪೇರಿಗೆ ದುಡ್ಡು ಸುರಿಯುವುದು ತಪ್ಪುತ್ತದೆ.

ನಮ್ಮ ಹಾಲಿನ ಅಣ್ಣ ಈಗ ಅಂದಾಜಿಗೆ ಎಣ್ಣೆ ಸುರಿಯುವುದಿಲ್ಲ. ಅಳತೆಯ ಮುಚ್ಚಳ ಇಟ್ಟುಕೊಂಡಿದ್ದಾರೆ. ಹಾಗಂತ ಎಣ್ಣೆ ಕಡಿಮೆ ಮಾಡಲೂ ಬಾರದು. ಕಡಿಮೆಯಾದರೆ ಪಿಸ್ಟನ್ ಕಚ್ಚಿಕೊಳ್ಳುತ್ತದೆ. ಅಳತೆಯೇ ಸರಿ.

ಓದಿ ಉತ್ತರಿಸಿ

1. ಹಾಲಿನ ಅಣ್ಣನ ಗಾಡಿ ಏಕೆ ನಿಂತಿತು?
2. ಪ್ಲಗ್ ಸುಣ್ಣದಂತೆ ಬಿಳಿಯಾಗಿದ್ದರೆ ಏನು ಅಪಾಯ?
3. ಲೀಟರಿಗೆ 20 ಮಿ.ಲೀ. ಎಣ್ಣೆ ಬೇಕು. 3 ಲೀಟರಿಗೆ ಎಷ್ಟು ಬೇಕು? ಲೆಕ್ಕ ಮಾಡಿ ಬರೆಯಿರಿ.