ವಸಡಿನಲ್ಲಿ ರಕ್ತ: ಹನ್ನೆರಡು ಮಂದಿ ಕಲಿಸಿದ ಪಾಠ

"ಹಲ್ಲಿದ್ದಾಗ ಕಡಲೆ ಇಲ್ಲ, ಕಡಲೆ ಇದ್ದಾಗ ಹಲ್ಲಿಲ್ಲ" ಎಂಬ ಗಾದೆ ನಮಗೆಲ್ಲ ಗೊತ್ತು. ವಯಸ್ಸಾದ ಮೇಲೆ ಹಲ್ಲು ಬೀಳುವುದು ಪ್ರಕೃತಿಯ ನಿಯಮವೆಂದೇ ಬಹಳ ಜನ ತಿಳಿದಿದ್ದಾರೆ. ಆದರೆ ಅನೇಕ ವೇಳೆ ಹಲ್ಲು ಗಟ್ಟಿಯಾಗಿಯೇ ಇರುತ್ತದೆ; ಅದನ್ನು ಹಿಡಿದುಕೊಂಡಿರುವ ವಸಡು ಮತ್ತು ಮೂಳೆ ಸೋತಿರುತ್ತವೆ. ಸೋಲುವ ಮುನ್ನ ವಸಡು ನಮಗೆ ಒಂದು ಎಚ್ಚರಿಕೆ ಕೊಡುತ್ತದೆ. ಹಲ್ಲುಜ್ಜಿ ಉಗುಳಿದಾಗ ಕಾಣುವ ರಕ್ತವೇ ಆ ಎಚ್ಚರಿಕೆ.

ರಕ್ತ ಕಂಡ ಕೂಡಲೇ ನಾವೇನು ಮಾಡುತ್ತೇವೆ? "ಅಯ್ಯೋ, ನೋವಾಗಿದೆ" ಎಂದು ಆ ಜಾಗದಲ್ಲಿ ಉಜ್ಜುವುದನ್ನೇ ಬಿಡುತ್ತೇವೆ. ಇದು ಸರಿಯೇ? ಇದಕ್ಕೆ ಉತ್ತರ ಕೊಟ್ಟ ಸಂಶೋಧನೆಗಳನ್ನು ಈ ಪಾಠದಲ್ಲಿ ತಿಳಿಯೋಣ.

ಹಲ್ಲಿನ ಮೇಲಿನ ಪಾಚಿ

ಹಲ್ಲುಜ್ಜಿದ ಕೆಲವೇ ನಿಮಿಷಗಳಲ್ಲಿ ಜೊಲ್ಲಿನಲ್ಲಿರುವ ಪ್ರೋಟೀನುಗಳು ಹಲ್ಲಿನ ಮೇಲೆ ತೆಳುವಾದ ಪದರ ಕಟ್ಟುತ್ತವೆ. ಅದಕ್ಕೆ ಬ್ಯಾಕ್ಟೀರಿಯಾಗಳು ಅಂಟಿಕೊಂಡು ಬೆಳೆಯುತ್ತವೆ. ಈ ಅಂಟಾದ ಪದರವೇ ಪ್ಲಾಕ್. ಡೆಲ್ಫ್ಟ್ ನಗರದ ಆಂಟನಿ ವಾನ್ ಲೀವೆನ್‌ಹುಕ್ ತನ್ನ ಹಲ್ಲಿನಿಂದಲೇ ಇದನ್ನು ಕೆರೆದು, ತಾನೇ ತಯಾರಿಸಿದ ಸೂಕ್ಷ್ಮದರ್ಶಕದಲ್ಲಿ ನೋಡಿದ. ಅದರಲ್ಲಿ ಓಡಾಡುವ ಜೀವಿಗಳನ್ನು ಕಂಡು 1683ರಲ್ಲಿ ಲಂಡನ್ನಿನ ರಾಯಲ್ ಸೊಸೈಟಿಗೆ ಪತ್ರ ಬರೆದ.

ಕೆರೆಯ ಮೆಟ್ಟಿಲಿಗೆ ಕಟ್ಟಿದ ಪಾಚಿ ನೀರು ಸುರಿದರೆ ಹೋಗುವುದಿಲ್ಲ, ತಿಕ್ಕಲೇಬೇಕು. ಪ್ಲಾಕ್ ಕೂಡ ಹಾಗೆಯೇ, ಬರಿಯ ನೀರಿನಲ್ಲಿ ಬಾಯಿ ಮುಕ್ಕಳಿಸಿದರೆ ಹೋಗದು. ಹಾಗೆಯೇ ಬಿಟ್ಟರೆ ಜೊಲ್ಲಿನ ಕ್ಯಾಲ್ಸಿಯಂ ಮತ್ತು ಫಾಸ್ಫೇಟ್ ಸೇರಿ ಗಾರೆಯಂತೆ ಗಟ್ಟಿಯಾಗುತ್ತದೆ. ಅದಕ್ಕೆ ಟಾರ್ಟರ್ ಎನ್ನುತ್ತಾರೆ. ಅದನ್ನು ಬ್ರಷ್ಷಿನಿಂದ ತೆಗೆಯಲಾಗದು, ದಂತವೈದ್ಯರೇ ತೆಗೆಯಬೇಕು.

1965ರ ಪ್ರಯೋಗ

ವಸಡಿನ ಉರಿಯೂತಕ್ಕೆ ಕಾರಣ ಯಾವುದು ಎಂಬ ಬಗ್ಗೆ ಹಿಂದೆ ಒಮ್ಮತವಿರಲಿಲ್ಲ. ವಯಸ್ಸು, ಪೌಷ್ಟಿಕಾಂಶದ ಕೊರತೆ ಮುಂತಾದ ಅಭಿಪ್ರಾಯಗಳಿದ್ದವು. ಡೆನ್ಮಾರ್ಕಿನ ಆರ್ಹಸ್‌ನಲ್ಲಿದ್ದ ದಂತವೈದ್ಯ ಕಾಲೇಜಿನ ಹರಾಲ್ಡ್ ಲೋ ಮತ್ತು ಅವರ ಸಂಗಡಿಗರು ಇದನ್ನು ನೇರವಾಗಿ ಪರೀಕ್ಷಿಸಿದರು.

ಆರೋಗ್ಯವಾದ ವಸಡುಳ್ಳ 12 ಮಂದಿ ಮುಂದೆ ಬಂದರು. ಅವರಲ್ಲಿ ಹೆಚ್ಚಿನವರು ದಂತವೈದ್ಯ ವಿದ್ಯಾರ್ಥಿಗಳೇ. ಅವರು ಮಾಡಬೇಕಾದುದು ಇಷ್ಟೇ: ಹಲ್ಲುಜ್ಜುವುದನ್ನು ಪೂರ್ತಿ ನಿಲ್ಲಿಸುವುದು. ದಿನ ಕಳೆದಂತೆ ಪ್ಲಾಕ್ ದಪ್ಪವಾಯಿತು, ಅದರಲ್ಲಿನ ಬ್ಯಾಕ್ಟೀರಿಯಾಗಳ ಬಗೆಯೂ ಬದಲಾಯಿತು. 10ರಿಂದ 21 ದಿನಗಳೊಳಗೆ ಒಬ್ಬರನ್ನೂ ಬಿಡದೆ ಹನ್ನೆರಡೂ ಮಂದಿಗೆ ವಸಡಿನ ಉರಿಯೂತ ಬಂತು. ಅನಂತರ ಅವರು ಮತ್ತೆ ಹಲ್ಲುಜ್ಜತೊಡಗಿದರು. ಸುಮಾರು ಒಂದು ವಾರದಲ್ಲಿ ಎಲ್ಲರ ವಸಡೂ ಮೊದಲಿನಂತಾಯಿತು!

ಈ ಪ್ರಯೋಗದ ಜಾಣತನವನ್ನು ಗಮನಿಸಿ. ಅದೇ ಜನ, ಅದೇ ವಯಸ್ಸು. ಬದಲಾದದ್ದು ಹಲ್ಲುಜ್ಜುವ ಅಭ್ಯಾಸವೊಂದೇ. ಕಾರಣವನ್ನು ಒದಗಿಸಿದಾಗ ರೋಗ ಬಂತು, ಕಾರಣವನ್ನು ತೆಗೆದಾಗ ರೋಗ ಹೋಯಿತು. ಹಾಗಾಗಿ ಪ್ಲಾಕೇ ಕಾರಣವೆಂದು ಖಚಿತವಾಯಿತು.

ಕಣ್ಣಂದಾಜು ಸಾಲದು

"ವಸಡು ಚೆನ್ನಾಗಿದೆ" ಎಂಬ ಮಾತು ಒಬ್ಬೊಬ್ಬರಿಗೆ ಒಂದೊಂದು ಅರ್ಥ ಕೊಡಬಹುದು. ಆದ್ದರಿಂದ ಲೋ ಮತ್ತು ಸಿಲ್ನೆಸ್ 1963ರಲ್ಲಿ ವಸಡಿಗೆ 0ಯಿಂದ 3ರವರೆಗೆ ಅಂಕ ಕೊಡುವ ಕ್ರಮವನ್ನು ಪ್ರಕಟಿಸಿದ್ದರು:

0 – ಆರೋಗ್ಯವಾದ ವಸಡು
1 – ಸ್ವಲ್ಪ ಊತ. ಮೆಲ್ಲಗೆ ತಾಗಿಸಿದರೆ ರಕ್ತವಿಲ್ಲ
2 – ಕೆಂಪಾಗಿ ಊದಿಕೊಂಡಿದೆ, ತಾಗಿಸಿದರೆ ರಕ್ತ
3 – ತೀವ್ರ ಊತ, ತಾನಾಗಿಯೇ ರಕ್ತ

ಪರೀಕ್ಷೆಯಲ್ಲಿ ಅಂಕ ಹೆಚ್ಚಿದಷ್ಟೂ ಒಳ್ಳೆಯದು, ಇಲ್ಲಿ ಮಾತ್ರ ಸೊನ್ನೆಯೇ ಮೊದಲ ದರ್ಜೆ!

ಔಷಧಿಯಿಂದ ಸಾಧ್ಯವೇ?

1970ರಲ್ಲಿ ಲೋ ಮತ್ತು ಶಿಯೋಟ್ ಇನ್ನೊಂದು ಫಲಿತಾಂಶ ಪ್ರಕಟಿಸಿದರು. ಹಲ್ಲುಜ್ಜದಿದ್ದರೂ ಶೇಕಡ 0.2ರ ಕ್ಲೋರ್‌ಹೆಕ್ಸಿಡಿನ್ ದ್ರಾವಣದಿಂದ ದಿನಕ್ಕೆ ಎರಡು ಬಾರಿ ಬಾಯಿ ಮುಕ್ಕಳಿಸಿದವರಲ್ಲಿ ಪ್ಲಾಕ್ ಕಟ್ಟಲಿಲ್ಲ. ಹಾಗಾದರೆ ಬ್ರಷ್ಷನ್ನು ಎಸೆಯಬಹುದೇ? ಬೇಡ. ಈ ದ್ರಾವಣವನ್ನು ಬಹುದಿನ ಬಳಸಿದರೆ ಹಲ್ಲಿನ ಮೇಲೆ ಕಂದು ಕಲೆ ಮೂಡುತ್ತದೆ, ನಾಲಗೆಯ ರುಚಿ ಕೆಡುತ್ತದೆ. ಆದ್ದರಿಂದ ವೈದ್ಯರು ಹೇಳಿದಾಗ, ಹೇಳಿದಷ್ಟು ದಿನ ಮಾತ್ರ ಬಳಸಬೇಕು.

"ನಮ್ಮ ತಾತ ಬ್ರಷ್ಷನ್ನೇ ಮುಟ್ಟಲಿಲ್ಲ..."

"ಆದರೂ ಅವರ ಹಲ್ಲು ಗಟ್ಟಿಯಾಗಿತ್ತು" ಎಂಬ ವಾದ ಅನೇಕ ಮನೆಗಳಲ್ಲಿ ಕೇಳಿಬರುತ್ತದೆ. ಇದಕ್ಕೂ ಉತ್ತರವಿದೆ. ಹಲ್ಲುಜ್ಜುವ ರೂಢಿಯಿಲ್ಲದ, ಶ್ರೀಲಂಕಾದ ಚಹಾ ತೋಟಗಳ 480 ಕಾರ್ಮಿಕರನ್ನು ಲೋ ಅವರ ತಂಡ 1970ರಿಂದ 15 ವರ್ಷ ಗಮನಿಸಿತು. ಎಲ್ಲರಲ್ಲೂ ವಸಡಿನ ಉರಿಯೂತವಿತ್ತು. ಆದರೆ ಶೇಕಡ 11ರಷ್ಟು ಜನರಲ್ಲಿ ಅದು ಅಲ್ಲಿಗೇ ನಿಂತಿತು; ಶೇಕಡ 81ರಷ್ಟು ಜನರಲ್ಲಿ ಹಲ್ಲಿನ ಆಧಾರ ಮೆಲ್ಲನೆ ಸವೆಯಿತು; ಶೇಕಡ 8ರಷ್ಟು ಜನರಲ್ಲಿ ಬೇಗ ಬೇಗ ನಾಶವಾಯಿತು. ತಾತ ಅದೃಷ್ಟವಂತ ಹನ್ನೊಂದರಲ್ಲಿ ಒಬ್ಬರಿರಬಹುದು. ನಾವು ಯಾವ ಗುಂಪಿನವರೆಂದು ಕನ್ನಡಿ ಹೇಳುವುದಿಲ್ಲ. ಧೂಮಪಾನ, ಹತೋಟಿಯಿಲ್ಲದ ಸಕ್ಕರೆ ಕಾಯಿಲೆ ಇದ್ದರಂತೂ ಅಪಾಯ ಹೆಚ್ಚು. ಒಮ್ಮೆ ಕರಗಿದ ಮೂಳೆ ಹಲ್ಲುಜ್ಜಿದ ಮಾತ್ರಕ್ಕೆ ಮರಳಿ ಬೆಳೆಯುವುದಿಲ್ಲ. ಆದ್ದರಿಂದಲೇ ರಕ್ತ ಕಾಣುವ ಮೊದಲ ಹಂತದಲ್ಲೇ ಎಚ್ಚರಗೊಳ್ಳಬೇಕು.

ಇದಕ್ಕೆ ಎದುರಾದ ಚಿತ್ರ ಸ್ವೀಡನ್ನಿನ ಕಾರ್ಲ್‌ಸ್ಟಾಡ್ ನಗರದಲ್ಲಿ ಕಂಡಿತು. ಆಕ್ಸೆಲ್ಸನ್ ಮತ್ತು ಅವರ ಸಂಗಡಿಗರು ಜನರಿಗೆ ಹಲ್ಲುಜ್ಜುವುದನ್ನು ಸರಿಯಾಗಿ ಕಲಿಸಿ, ನಿಯಮಿತವಾಗಿ ಶುಚಿ ಮಾಡಿಸುತ್ತ 30 ವರ್ಷ ಗಮನಿಸಿದರು. 2004ರಲ್ಲಿ ಪ್ರಕಟವಾದ ಫಲಿತಾಂಶದಂತೆ, ಕೊನೆಯವರೆಗೂ ಉಳಿದ 257 ಮಂದಿಯಲ್ಲಿ ಯಾವ ವಯೋಗುಂಪಿನವರೂ ಸರಾಸರಿ ಎರಡು ಹಲ್ಲನ್ನೂ ಕಳೆದುಕೊಂಡಿರಲಿಲ್ಲ.

ಮನೆಯಲ್ಲಿ ಏನು ಮಾಡಬೇಕು?

1. ಫ್ಲೋರೈಡ್ ಇರುವ ಪೇಸ್ಟ್ ಮತ್ತು ಮೃದುವಾದ ಬ್ರಷ್ ಬಳಸಿ. ಬೆಳಿಗ್ಗೆ ಒಮ್ಮೆ, ರಾತ್ರಿ ಮಲಗುವ ಮುನ್ನ ಒಮ್ಮೆ, ಎರಡೆರಡು ನಿಮಿಷ ಉಜ್ಜಿ.
2. ಬ್ರಷ್ಷನ್ನು ಹಲ್ಲು ಮತ್ತು ವಸಡು ಸೇರುವ ಅಂಚಿಗೆ ಓರೆಯಾಗಿ ಹಿಡಿದು ಮೆಲ್ಲಗೆ ಆಡಿಸಿ. ಪಾತ್ರೆ ತಿಕ್ಕುವಂತೆ ಒತ್ತಬೇಡಿ.
3. ಹಲ್ಲುಗಳ ಸಂದಿಗೆ ಬ್ರಷ್ ತಲುಪದು. ದೊಡ್ಡವರು ದಾರ ಅಥವಾ ಸಂದಿಯ ಪುಟ್ಟ ಬ್ರಷ್ ಬಳಸಿ.
4. ಪ್ಲಾಕಿಗೆ ಬಣ್ಣ ಹಿಡಿಸುವ ಮಾತ್ರೆ ಔಷಧಿ ಅಂಗಡಿಯಲ್ಲಿ ಸಿಕ್ಕರೆ ಉಜ್ಜಿದ ಮೇಲೆ ಅಗಿದು ನೋಡಿ. ಬಿಟ್ಟುಹೋದ ಜಾಗ ಕಣ್ಣಿಗೆ ಕಾಣುತ್ತದೆ.
5. ಏಳು ವರ್ಷದೊಳಗಿನ ಮಕ್ಕಳಿಗೆ ತಂದೆ ತಾಯಿಯರೇ ಉಜ್ಜಿಸಬೇಕು.
6. ರಕ್ತ ಬಂದ ಜಾಗವನ್ನು ಬಿಡಬೇಡಿ. ಅಲ್ಲೇ ಮೃದುವಾಗಿ, ಸರಿಯಾಗಿ ಉಜ್ಜಿ. ಎರಡು ವಾರವಾದರೂ ನಿಲ್ಲದಿದ್ದರೆ ದಂತವೈದ್ಯರನ್ನು ಕಾಣಿ.

ಮಕ್ಕಳೇ, ಆರ್ಹಸ್‌ನ ಪ್ರಯೋಗವನ್ನು ನೀವು ಮತ್ತೆ ಮಾಡಿ ನೋಡಬೇಕಾಗಿಲ್ಲ! ಅದನ್ನು ತಜ್ಞರ ಕಣ್ಗಾವಲಿನಲ್ಲಿ ಆ ಹನ್ನೆರಡು ಮಂದಿ ನಮಗಾಗಿ ಮಾಡಿ ಮುಗಿಸಿದ್ದಾರೆ. ಅದರ ಕೊನೆಯ ವಾರವನ್ನು, ಅಂದರೆ ಮತ್ತೆ ಉಜ್ಜತೊಡಗಿದ ವಾರವನ್ನು, ನಾವು ದಿನವೂ ಅನುಸರಿಸಿದರೆ ಸಾಕು.

ಯೋಚಿಸಿ, ಉತ್ತರಿಸಿ

1. ಲೋ ಅವರು ಹಲ್ಲುಜ್ಜುವುದನ್ನು ಬಿಡಿಸಿದ್ದಷ್ಟೇ ಅಲ್ಲದೆ ಮತ್ತೆ ಆರಂಭಿಸಿದ್ದು ಏಕೆ ಮುಖ್ಯ?
2. ಒಬ್ಬ ತಾತನ ಗಟ್ಟಿ ಹಲ್ಲು ಏಕೆ ಸಾಕ್ಷಿಯಾಗುವುದಿಲ್ಲ?