ಬೆಳ್ಳಿ ಉಳಿದಿದ್ದರೆ ಚಿತ್ರ ಉಳಿದೀತು

ಫಿಲ್ಮ್ ಫೋಟೋಗ್ರಫಿ ಕಲಿಯಲು ನನ್ನ ಹತ್ತಿರ ಬರುವವರಲ್ಲಿ ಹೆಚ್ಚಿನವರು ವೈಟ್‌ಫೀಲ್ಡ್, ಎಲೆಕ್ಟ್ರಾನಿಕ್ ಸಿಟಿ ಕಡೆಯ ಸಾಫ್ಟ್‌ವೇರ್ ಹುಡುಗ ಹುಡುಗಿಯರು. ಪೀಣ್ಯದಲ್ಲಿ ಪಾಳಿ ಮುಗಿಸಿ ಬರುವವರೂ ಇದ್ದಾರೆ. ಊರಿನ ಅಟ್ಟದಲ್ಲಿ ಅಪ್ಪನ ಕ್ಯಾಮೆರಾ ಸಿಕ್ಕಿರುತ್ತದೆ, ಕೆಲವೊಮ್ಮೆ ಅದರೊಳಗೆ ಅರ್ಧ ತೆಗೆದ ರೀಲೂ ಇರುತ್ತದೆ. ಎಲ್ಲರ ಭಯವೂ ಒಂದೇ: ತೊಳೆಯುವಾಗ ರೀಲು ಕೆಟ್ಟರೆ ಏನು ಗತಿ? ತೀರಿಕೊಂಡವರ ಮುಖವನ್ನು ಮತ್ತೆ ತೆಗೆಯಲಾಗದು, ಆದ್ದರಿಂದ ಈ ಭಯ ನ್ಯಾಯವಾದದ್ದೇ. ಆದರೆ ಕೆಟ್ಟಿತು ಎಂದು ಬಿಸಾಡಿದ ಎಷ್ಟೋ ರೀಲುಗಳು ನಿಜಕ್ಕೂ ಪೂರ್ತಿ ಕೆಟ್ಟಿರುವುದಿಲ್ಲ.

ಇದು ಅರ್ಥವಾಗಬೇಕಾದರೆ ಬೆಳ್ಳಿಯ ಲೆಕ್ಕ ತಿಳಿಯಬೇಕು. ಫಿಲ್ಮಿನ ಮೇಲಿರುವುದು ಜೆಲಾಟಿನ್ನಿನಲ್ಲಿ ಹರಡಿದ ಬೆಳ್ಳಿಯ ಲವಣದ ಸಣ್ಣ ಹರಳುಗಳು. ಬೆಳಕು ಬಿದ್ದ ಹರಳುಗಳನ್ನು ಡೆವಲಪರ್ ಕಪ್ಪು ಬೆಳ್ಳಿಯಾಗಿ ಮಾಡುತ್ತದೆ. ಸ್ಟಾಪ್ ಬಾತ್ ಆ ಕೆಲಸವನ್ನು ನಿಲ್ಲಿಸುತ್ತದೆ. ಹಳಬರು ಹೈಪೊ ಎನ್ನುತ್ತಿದ್ದ ಫಿಕ್ಸರ್, ಬೆಳಕು ಕಾಣದೆ ಉಳಿದ ಹರಳುಗಳನ್ನು ಕರಗಿಸಿ ತೆಗೆಯುತ್ತದೆ. ತಪ್ಪು ಯಾವುದೇ ಇರಲಿ, ಕೇಳಬೇಕಾದ ಪ್ರಶ್ನೆ ಒಂದೇ: ಚಿತ್ರದ ಬೆಳ್ಳಿ ಇನ್ನೂ ಫಿಲ್ಮಿನ ಮೇಲಿದೆಯೇ, ಕರಗಿ ಹೋಯಿತೇ?

ಬಾಟಲಿ ಅದಲುಬದಲಾಗಿ ಮೊದಲು ಫಿಕ್ಸರ್ ಸುರಿದರೆ ಎಲ್ಲವೂ ಕರಗಿ ಹೋಗುತ್ತದೆ. ಆಮೇಲೆ ಯಾವ ರಸಾಯನವೂ ಅದನ್ನು ಮರಳಿ ತರಲಾರದು. ಇದನ್ನು ಮುಚ್ಚುಮರೆಯಿಲ್ಲದೆ ಹೇಳುತ್ತೇನೆ, ಏಕೆಂದರೆ ಉಳಿದ ತಪ್ಪುಗಳು ಇಷ್ಟು ನಿರ್ದಯವಲ್ಲ. ತೊಳೆದ ಫಿಲ್ಮು ಹಾಲಿನಂತೆ ಮಸುಕಾಗಿ ಕಂಡರೆ ಫಿಕ್ಸರ್ ಸಾಲದೆ ಹೋಗಿದೆ ಎಂದರ್ಥ. ಹೊಸ ಫಿಕ್ಸರಿನಲ್ಲಿ ಮತ್ತೆ ಅದ್ದಿದರೆ ಮಸುಕು ತಿಳಿಯಾಗುತ್ತದೆ. ಬಿಳಿ ನೀರುಕಲೆಗಳಿದ್ದರೆ ಮತ್ತೆ ನೆನೆಸಿ, ತೊಳೆದು, ಒಣಗಿಸಬಹುದು. ಸ್ಟಾಪ್ ಬಾತ್ ಮುಗಿದ ಮೇಲೆ ಫಿಲ್ಮು ತೊಳೆಯುವ ಟ್ಯಾಂಕಿನ ಮುಚ್ಚಳ ಕಳಚಿಕೊಂಡರೆ ಗಾಬರಿ ಬೇಡ. ಡೆವಲಪರಿನ ಕೆಲಸ ಆಗಲೇ ನಿಂತಿರುತ್ತದೆ, ಮುಚ್ಚಿ ಫಿಕ್ಸರ್ ಸುರಿಯಿರಿ. ಕ್ಯಾಮೆರಾದ ಬೆನ್ನು ಆಕಸ್ಮಿಕವಾಗಿ ತೆರೆದುಕೊಂಡರೂ ಸುರುಳಿಯ ಹೊರಸುತ್ತುಗಳು ಮಾತ್ರ ಹಾಳಾಗಿ, ಒಳಗಿನವು ಬಹಳ ಸಲ ಉಳಿದಿರುತ್ತವೆ.

ನೆಗೆಟಿವ್ ತೀರಾ ತೆಳುವಾಗಿ ಬಂದಿದ್ದರೆ ಮೊದಲು ಸ್ಕ್ಯಾನ್ ಮಾಡಿ. ಕಣ್ಣಿಗೆ ಕಾಣದ ಮುಖವನ್ನು ಸ್ಕ್ಯಾನರ್ ಎಳೆದು ತೋರಿಸುವುದುಂಟು. ತೆಳು ನೆಗೆಟಿವನ್ನು ದಟ್ಟ ಮಾಡುವ ಸೆಲೆನಿಯಂ ಟೋನರ್, ದಟ್ಟವಾದದ್ದನ್ನು ತೆಳು ಮಾಡುವ ಫಾರ್ಮರ್ಸ್ ರೆಡ್ಯೂಸರ್ ಇವೆ. ರೆಡ್ಯೂಸರಿನಲ್ಲಿರುವುದು ಪೊಟ್ಯಾಸಿಯಂ ಫೆರಿಸೈನೈಡ್ ಮತ್ತು ಹೈಪೊ, ಅದು ಚಿತ್ರದ ಬೆಳ್ಳಿಯನ್ನೇ ತಿನ್ನುತ್ತದೆ. ಮತ್ತೆ ಸಿಗದ ನೆಗೆಟಿವಿನ ಮೇಲೆ ಅದನ್ನು ಪ್ರಯೋಗಿಸಬೇಡಿ ಎಂಬುದು ನನ್ನ ಗಟ್ಟಿ ಅಭಿಪ್ರಾಯ. ಒಂದು ಹಾಳು ನೆಗೆಟಿವಿನ ಮೇಲೆ ಕೈ ಪಳಗಿಸಿಕೊಳ್ಳದೆ ಟೋನರನ್ನೂ ಬಳಸಬೇಡಿ.

ರೀಲು ಪೂರ್ತಿ ಖಾಲಿ ಬಂದರೆ? ಆಗ ನೋಡಬೇಕಾದದ್ದು ಅಂಚನ್ನು. ಹಲ್ಲುತೂತುಗಳ ಪಕ್ಕ ಕಂಪನಿಯ ಹೆಸರು, ಚೌಕಟ್ಟಿನ ಸಂಖ್ಯೆಗಳು ಕಾರ್ಖಾನೆಯಲ್ಲೇ ಬೆಳಕಿನಿಂದ ಮೂಡಿರುತ್ತವೆ. ಅವೂ ಡೆವಲಪರಿನಿಂದಲೇ ಕಾಣಿಸಿಕೊಳ್ಳಬೇಕು. ಅಂಚಿನ ಅಕ್ಷರ ಸ್ಪಷ್ಟವಿದ್ದು ಚೌಕಟ್ಟುಗಳು ಖಾಲಿ ಇದ್ದರೆ ನಿಮ್ಮ ಡೆವಲಪರ್ ಸರಿಯಾಗೇ ಕೆಲಸ ಮಾಡಿದೆ. ರೀಲು ಕ್ಯಾಮೆರಾದೊಳಗೆ ಮುಂದೆ ಸರಿದಿಲ್ಲ, ಇಲ್ಲವೇ ಷಟರ್ ತೆರೆದಿಲ್ಲ. ಅಕ್ಷರವೂ ಇಲ್ಲದೆ ಪಾರದರ್ಶಕವಾಗಿದ್ದರೆ ಡೆವಲಪರ್ ಸತ್ತಿದೆ ಅಥವಾ ಫಿಕ್ಸರ್ ಮೊದಲು ಬಿದ್ದಿದೆ. ಅಕ್ಷರಗಳನ್ನೂ ನುಂಗಿ ರೀಲೆಲ್ಲ ಕಪ್ಪಾಗಿದ್ದರೆ ಬೆಳಕು ನುಗ್ಗಿದೆ.

ಈ ಅಂಚಿನ ಸಾಕ್ಷಿಯನ್ನು ಮೊದಲೇ ಕೇಳದಿದ್ದರೆ ತಪ್ಪು ಯಾರದೋ ತಲೆಗೆ ಸುತ್ತಿಕೊಳ್ಳುತ್ತದೆ. ಯುದ್ಧ ಛಾಯಾಗ್ರಾಹಕ ರಾಬರ್ಟ್ ಕಾಪಾ 1944ರ ಜೂನ್ 6ರಂದು ನಾರ್ಮಂಡಿಯ ಓಮಾಹಾ ತೀರದಲ್ಲಿ ತೆಗೆದ ಚಿತ್ರಗಳ ಕಥೆ ಜಗತ್ತಿಗೆ ಗೊತ್ತು. ಲಂಡನ್ನಿನ ಡಾರ್ಕ್‌ರೂಮಿನ ಹುಡುಗ ಒಣಗಿಸುವ ಪೆಟ್ಟಿಗೆಯ ಬಿಸಿ ಹೆಚ್ಚಿಸಿ ಜೆಲಾಟಿನ್ನಿನ ಎಮಲ್ಷನ್ ಪದರ ಕರಗಿಸಿಬಿಟ್ಟ, ಹತ್ತಾರು ಚಿತ್ರಗಳು ಹೋಗಿ ಬೆರಳೆಣಿಕೆಯಷ್ಟು ಉಳಿದವು ಎಂದು ದಶಕಗಳ ಕಾಲ ಹೇಳಿಕೊಂಡು ಬಂದರು. 2014ರಲ್ಲಿ ವಿಮರ್ಶಕ ಎ. ಡಿ. ಕೋಲ್ಮನ್ ಮತ್ತು ಜೊತೆಗಾರರು ಇದನ್ನು ಪ್ರಶ್ನಿಸಿದರು. ಆ ಚಿತ್ರಗಳ ಸಂಪಾದಕರಾಗಿದ್ದ ಜಾನ್ ಮಾರಿಸ್ ಅವರೇ, ಹಾಳಾದವು ಎಂದುಕೊಂಡ ರೀಲುಗಳಲ್ಲಿ ಮೊದಲಿಂದಲೂ ಏನೂ ಇದ್ದಿರಲಿಲ್ಲವೇನೋ ಎಂದು ಒಪ್ಪಿಕೊಂಡರು. ಎಪ್ಪತ್ತು ವರ್ಷ ಆ ಹುಡುಗ ಹೊತ್ತ ಆರೋಪವನ್ನು ನೆನೆದಾಗ ನನಗೆ ನಿಜಕ್ಕೂ ಬೇಸರವಾಗುತ್ತದೆ.

ಇನ್ನು ನಮ್ಮ ಕಡೆಯ ಮನೆಗಳ ಮಾತು. ವೈಟ್‌ಫೀಲ್ಡಿನ ರಾತ್ರಿ ಕತ್ತಲೆಯ ರಾತ್ರಿಯಲ್ಲ. ಬಚ್ಚಲುಮನೆಯ ಗಾಜಿನ ಕಿಂಡಿಯಿಂದ ಎದುರು ಟವರಿನ ದೀಪ ಒಳಗೆ ಬರುತ್ತದೆ. ಗೀಸರಿನ ಕೆಂಪು ಚುಕ್ಕಿ, ಕೈ ಎತ್ತಿದರೆ ಬೆಳಗುವ ಸ್ಮಾರ್ಟ್‌ವಾಚ್ ಎರಡೂ ಫಿಲ್ಮಿಗೆ ಹಾನಿಯೇ. ಸಿನಿಮಾಗಳಲ್ಲಿ ಕಾಣುವ ಕೆಂಪು ದೀಪ ಪ್ರಿಂಟ್ ಹಾಕುವ ಕಪ್ಪುಬಿಳುಪು ಕಾಗದಕ್ಕೆ ಮಾತ್ರ. ಸಾಮಾನ್ಯ ಕಪ್ಪುಬಿಳುಪು ಫಿಲ್ಮಿಗೆ ಕೆಂಪೂ ಕಾಣುತ್ತದೆ. ಹೊಸಬರು ಬೆಳಕು ನುಗ್ಗದ ಚೇಂಜಿಂಗ್ ಬ್ಯಾಗನ್ನೇ ಕೊಳ್ಳಿ. ಬೆವರಿದ ಕೈಗೆ ಫಿಲ್ಮು ಅಂಟಿ ಟ್ಯಾಂಕಿನ ಸುರುಳಿಗೆ ಹತ್ತದಿದ್ದರೆ ಎಳೆದಾಡಬೇಡಿ. ಎಲ್ಲವನ್ನೂ ಟ್ಯಾಂಕಿಗೆ ಹಾಕಿ ಮುಚ್ಚಳ ಬಿಗಿ ಮಾಡಿ, ಕೈ ಹೊರಗೆ ತೆಗೆದು ಒರೆಸಿಕೊಳ್ಳಿ, ಸ್ವಲ್ಪ ಹೊತ್ತು ಬಿಟ್ಟು ಮತ್ತೆ ಶುರು ಮಾಡಿ. ಟ್ಯಾಂಕು ಮುಚ್ಚಿದ್ದರೆ ಫಿಲ್ಮಿಗೆ ಯಾವ ಅವಸರವೂ ಇಲ್ಲ.

ಡಿ-76ನಂಥ ಡೆವಲಪರ್‌ಗಳ ಸಮಯವನ್ನು 20 ಡಿಗ್ರಿಗೆ ಲೆಕ್ಕ ಹಾಕಿರುತ್ತಾರೆ. ಏಪ್ರಿಲ್ ಮಧ್ಯಾಹ್ನ ಮಹಡಿಯ ಟ್ಯಾಂಕಿನಿಂದ ಇಳಿಯುವ ನೀರು ಅದಕ್ಕಿಂತ ಎಷ್ಟೋ ಬಿಸಿ. ಇಲ್‌ಫೋರ್ಡ್ ಎಚ್‌ಪಿ5 ಪ್ಲಸ್ ಫಿಲ್ಮಿಗೆ ಐಡಿ-11 ಡೆವಲಪರಿನಲ್ಲಿ 20 ಡಿಗ್ರಿಗೆ 7.5 ನಿಮಿಷ ಬೇಕಾದರೆ, 24 ಡಿಗ್ರಿಗೆ ಅದು 5 ನಿಮಿಷದ ಆಸುಪಾಸಿಗೆ ಇಳಿಯುತ್ತದೆ. ಅದಕ್ಕಿಂತ ಕಡಿಮೆಯಾದರೆ ಡೆವಲಪರ್ ಸಮನಾಗಿ ಹಿಡಿಯದೆ ಪಟ್ಟೆ ಬೀಳಬಹುದು. ಆದ್ದರಿಂದ ಬೆಳಗಿನ ಜಾವ ಕೆಲಸ ಮಾಡಿ, ಬಾಟಲಿಗಳನ್ನೆಲ್ಲ ಐಸು ಹಾಕಿದ ಒಂದೇ ಬಕೆಟ್ಟಿನಲ್ಲಿಟ್ಟು ಒಂದೇ ಹದಕ್ಕೆ ತನ್ನಿ. ತೊಳೆಯುವ ನೀರೂ ಆ ಹದದಲ್ಲೇ ಇರಲಿ. ತಣ್ಣನೆಯದರಿಂದ ಒಮ್ಮೆಲೇ ಬಿಸಿಗೆ ಹೋದರೆ ಜೆಲಾಟಿನ್ ಸುಕ್ಕುಗಟ್ಟುತ್ತದೆ, ಆ ಸುಕ್ಕು ಹೋಗುವುದಿಲ್ಲ.

ಬೋರ್‌ವೆಲ್ ಮತ್ತು ಟ್ಯಾಂಕರಿನ ಗಡಸು ನೀರಿನಲ್ಲಿ ಕೊನೆಯ ಜಾಲಾಟ ಮಾಡಿದರೆ ಸುಣ್ಣದ ಕಲೆ ಬೀಳುವುದು ಬಹುತೇಕ ಖಚಿತ. ಬ್ಯಾಟರಿ ಅಂಗಡಿಯಲ್ಲಿ ಸಿಗುವ ಡಿಸ್ಟಿಲ್ಡ್ ವಾಟರ್ ಒಂದು ಲೀಟರ್ ಸಾಕು. ಅದಕ್ಕೆ ಫೋಟೋ-ಫ್ಲೋದಂಥ ವೆಟಿಂಗ್ ಏಜೆಂಟ್ ಕೆಲವೇ ಹನಿ ಹಾಕಿ. ಫ್ಯಾನ್ ಹಾಕಬೇಡಿ, ಧೂಳು ಅಂಟುತ್ತದೆ.

ಈಗ ಅಪ್ಪನ ರೀಲು. ದಯವಿಟ್ಟು ಅದನ್ನು ನಿಮ್ಮ ಮೊದಲ ರೀಲು ಮಾಡಬೇಡಿ. ಬೀದಿಯಲ್ಲಿ, ಆಫೀಸಿನ ಕ್ಯಾಂಟೀನಿನಲ್ಲಿ ತೆಗೆದ, ಹೋದರೂ ಚಿಂತೆಯಿಲ್ಲದ ರೀಲುಗಳನ್ನು ಮೊದಲು ತೊಳೆದು ಕೈ ಕುದುರಿಸಿಕೊಳ್ಳಿ. ಡಬ್ಬಿಯ ಮೇಲಿನ ಬರಹವನ್ನು ಓದಿ. ಸಿ-41 ಎಂದಿದ್ದರೆ ಅದು ಬಣ್ಣದ ಫಿಲ್ಮು, 37.8 ಡಿಗ್ರಿಯ ಬೇರೆ ರಸಾಯನ ಬೇಕು. ಕೊಡಾಕ್ರೋಮ್ ಆದರೆ ಬಣ್ಣದ ಆಸೆ ಬಿಡಿ, ಜಗತ್ತಿನ ಕೊನೆಯ ಕೊಡಾಕ್ರೋಮ್ ಲ್ಯಾಬು 2010ರ ಡಿಸೆಂಬರಿನಲ್ಲಿ ಹೊಸ ರೀಲುಗಳನ್ನು ತೆಗೆದುಕೊಳ್ಳುವುದನ್ನು ನಿಲ್ಲಿಸಿತು. ಊಟಿಯ ಹಿಂದೂಸ್ತಾನ್ ಫೋಟೋ ಫಿಲ್ಮ್ಸ್ ಮಾಡುತ್ತಿದ್ದ ‘ಇಂದು’ ಹೆಸರಿನ ಕಪ್ಪುಬಿಳುಪು ರೀಲು ಸಿಕ್ಕರೆ ಮನೆಯಲ್ಲೇ ತೊಳೆಯಬಹುದು, ಆದರೆ ವಯಸ್ಸಿನಿಂದ ಮಂಜು ಕವಿದಿರುತ್ತದೆ ಎಂಬುದಕ್ಕೆ ಸಿದ್ಧರಾಗಿರಿ.

ತೊಳೆಯುವ ದಿನ ಬೇರೊಂದು ರೀಲಿನ ಬೆಳಕು ಕಂಡ ತುದಿಯ ತುಂಡನ್ನು ಡೆವಲಪರಿಗೆ ಹಾಕಿ. ಕೆಲವೇ ನಿಮಿಷದಲ್ಲಿ ಅದು ದಟ್ಟ ಕಪ್ಪಾಗಬೇಕು. ಇನ್ನೊಂದು ತುಂಡನ್ನು ಫಿಕ್ಸರಿಗೆ ಹಾಕಿ, ತಿಳಿಯಾಗಲು ಹಿಡಿದ ಸಮಯದ ಕನಿಷ್ಠ ಎರಡರಷ್ಟು ಹೊತ್ತು ರೀಲನ್ನು ಫಿಕ್ಸ್ ಮಾಡಿ. ಹಳಸಿದ ಡೆವಲಪರ್, ಸತ್ತ ಫಿಕ್ಸರ್, ಅದಲುಬದಲಾದ ಬಾಟಲಿ, ಮೂರೂ ಈ ಎರಡು ತುಂಡುಗಳಲ್ಲೇ ಸಿಕ್ಕಿಬೀಳುತ್ತವೆ. ಹಳೆಯ ರೀಲಾದರೆ ಕತ್ತಲಲ್ಲಿ ಮೊದಲ ಕೆಲವು ಚೌಕಟ್ಟುಗಳಷ್ಟನ್ನು ಕತ್ತರಿಸಿ ಮೊದಲು ಅಷ್ಟನ್ನೇ ತೊಳೆದು ನೋಡಿ. ಕತ್ತರಿ ಬಿದ್ದಲ್ಲಿ ಒಂದು ಚಿತ್ರ ಹೋದೀತು, ಉಳಿದವುಗಳಿಗೆ ಎಷ್ಟು ಸಮಯ ಬೇಕೆಂಬುದು ತಿಳಿಯುತ್ತದೆ.

ಇಷ್ಟಾದರೂ ಕೆಲವು ಹೋಗುತ್ತವೆ. ಎರಡು ಸುತ್ತು ಒಂದಕ್ಕೊಂದು ಅಂಟಿದ ಜಾಗದಲ್ಲಿ ಡೆವಲಪರ್ ತಲುಪದೆ ಒಂದು ಮುಖ ಅಳಿಸಿಹೋಗಬಹುದು. ಆಗ ಪಕ್ಕದ ಚೌಕಟ್ಟನ್ನು ನೋಡಿ, ಅದೇ ಜನ, ಅದೇ ಅಂಗಳ ಅಲ್ಲಿರಬಹುದು. ಮನೆಯ ಹಿರಿಯರನ್ನು ಕೂರಿಸಿಕೊಂಡು ಆ ರೀಲಿನಲ್ಲಿ ಯಾರಿದ್ದರು, ಯಾವ ಹಬ್ಬ ಎಂದು ಕೇಳಿ ಬರೆದಿಡಿ. ಹಾಳಾದ ನೆಗೆಟಿವನ್ನೂ ಹಾಳೆಯಲ್ಲಿಟ್ಟು ದಿನಾಂಕ ಹಾಕಿಡಿ, ನಾಳೆಯ ಸ್ಕ್ಯಾನರಿಗೆ ಅದರಲ್ಲಿ ಏನಾದರೂ ಸಿಕ್ಕೀತು.

ಬಳಸಿದ ಫಿಕ್ಸರನ್ನು ಮಾತ್ರ ಚರಂಡಿಗೆ ಸುರಿಯಬೇಡಿ. ಕರಗಿದ ಬೆಳ್ಳಿ ಇರುವುದು ಅದರಲ್ಲೇ, ಮತ್ತು ಪೀಣ್ಯದ ಅಂತರ್ಜಲದಲ್ಲಿ ಎಲೆಕ್ಟ್ರೋಪ್ಲೇಟಿಂಗಿನ ಕ್ರೋಮಿಯಂ ಈಗಾಗಲೇ ಸಾಕಷ್ಟಿದೆ. ಕ್ಯಾನಿನಲ್ಲಿ ಕೂಡಿಟ್ಟು ಸ್ಟೀಲ್ ವುಲ್ ಹಾಕಿಟ್ಟರೆ ಕೆಲವು ದಿನಗಳಲ್ಲಿ ಬೆಳ್ಳಿ ಕಪ್ಪು ಕೆಸರಾಗಿ ತಳಕ್ಕೆ ಇಳಿಯುತ್ತದೆ. ಎಕ್ಸ್‌ರೇ ಫಿಲ್ಮಿನಿಂದ ಬೆಳ್ಳಿ ತೆಗೆಯುವವರಿಗೆ ಆ ಕೆಸರನ್ನು ಕೊಡಬಹುದು.