ಪೆಪ್ಟೈಡ್ ಔಷಧ ಹುಡುಕುವ ಮುನ್ನ

ಪ್ರಶ್ನೆ: ಕಬ್ಬು ಕಡಿಯುವಾಗ ಕಾಲಿಗೆ ಮಚ್ಚು ತಗುಲಿ, ಸಕ್ಕರೆ ಕಾಯಿಲೆಯ ನಮ್ಮ ತಂದೆಗೆ ಸೋಂಕಿನಿಂದ ರಕ್ತದೊತ್ತಡ ಕುಸಿಯುವ ಸೆಪ್ಟಿಕ್ ಶಾಕ್ ಆಗಿತ್ತು. ಈಗ ಮನೆಯಲ್ಲಿದ್ದಾರೆ. ಮತ್ತೆ ಹಾಗಾದರೆ ಹೊಸ ಪೆಪ್ಟೈಡ್ ಔಷಧ ಕೊಡಿಸಬಹುದೇ?
– ಓದುಗರು, ಮದ್ದೂರು

ಉತ್ತರ: ಸೆಪ್ಟಿಕ್ ಶಾಕ್‌ಗೆ ರೋಗಾಣು ಕೊಲ್ಲುವ ಕಿರು ಪ್ರೋಟೀನುಗಳಾದ ಆ ಹೊಸ ಪೆಪ್ಟೈಡ್‌ಗಳು ಇನ್ನೂ ಪ್ರಯೋಗದ ಹಂತದಲ್ಲೇ ಇವೆ, ಯಾರಾದರೂ ಮಾರಲು ಬಂದರೆ ಕೊಳ್ಳಬೇಡಿ. ಅದೇ ಜಾತಿಯ ಕೊಲಿಸ್ಟಿನ್ ಎಂಬ ಹಳೆಯ ಆ್ಯಂಟಿಬಯಾಟಿಕ್ ಆಸ್ಪತ್ರೆಗಳಲ್ಲಿದೆ. ಆದರೆ ಅದು ಮೂತ್ರಪಿಂಡಕ್ಕೆ ಪೆಟ್ಟು ಕೊಡಬಲ್ಲದು. ಬೇರೆ ಔಷಧಗಳಿಗೆ ಬಗ್ಗದ ರೋಗಾಣುವಿಗೆಂದೇ ಮೀಸಲು. ಡಿಸ್ಚಾರ್ಜ್ ಚೀಟಿಯ ಜತೆ ಯಾವ ರೋಗಾಣು, ಯಾವ ಔಷಧಕ್ಕೆ ಬಗ್ಗುತ್ತದೆ ಎಂದು ತಿಳಿಸುವ ರಕ್ತದ ಕಲ್ಚರ್ ವರದಿಯನ್ನೂ ಕೇಳಿ ಪಡೆದಿಟ್ಟುಕೊಳ್ಳಿ, ಮುಂದೆ ಔಷಧ ಆರಿಸುವ ವೈದ್ಯರಿಗೆ ಅದು ಬಹಳ ಮುಖ್ಯ. ಬರಿಗಾಲಲ್ಲಿ ಗದ್ದೆಗಿಳಿಯಲು ಬಿಡಬೇಡಿ, ದಿನವೂ ಪಾದ ನೋಡಿ. ಚಳಿಜ್ವರ, ಏದುಸಿರು, ತಡವರಿಸುವ ಮಾತು, ಮೂತ್ರ ಕಡಿಮೆಯಾಗುವುದು – ಯಾವುದು ಕಂಡರೂ ಬೆಳಗಾಗಲಿ ಅನ್ನದೆ 108ಕ್ಕೆ ಕರೆ ಮಾಡಿ, ಮಂಡ್ಯದ ಮಿಮ್ಸ್‌ನಂಥ ದೊಡ್ಡಾಸ್ಪತ್ರೆಗೆ ಕರೆದೊಯ್ಯಿರಿ. ಶಾಕ್ ಗುರುತಿಸಿದ 1 ಗಂಟೆಯೊಳಗೆ ಆ್ಯಂಟಿಬಯಾಟಿಕ್ ಮೈಗೆ ಸೇರಬೇಕು.